ಆ ಟ್ಯೂನ್ ನಿನ್ನ ಹತ್ರ ಇದೆಯಾ?

ಮೂರು ವರ್ಷದ ಹಿಂದೆ ಒಬ್ಬರು ಕೇಳಿದ ಪ್ರಶ್ನೆ ಇನ್ನೂ ತಲೆಯಿಂದ ಇಳಿದಿಲ್ಲ. ಕೇಳಿದವರು ಎಪ್ಪತ್ತು ದಾಟಿದ ಒಬ್ಬ ಹೆಂಗಸು. ಮಡಿಲಲ್ಲಿ ಆರು ಮೂಲೆಯ ಪುಟ್ಟ ತಿದಿವಾದ್ಯ, ಕನ್ಸರ್ಟಿನಾ. ಜಾಗ ಐರ್ಲೆಂಡಿನ ಕ್ಲೇರ್ ಕೌಂಟಿಯ ಎನ್ನಿಸ್ ಊರು, ಅಲ್ಲಿ ಒಂದು ಪಬ್ಬಿನ ಹಿಂದಿನ ಮೂಲೆ. ನವೆಂಬರ್ ತಿಂಗಳು, ಹೊರಗೆ ಮಳೆ. (ಈ ದೇಶದಲ್ಲಿ ಮಳೆ ಬಂತು ಅಂತ ಬರೆಯುವುದೇ ದಂಡ. ಬರದಿದ್ದ ದಿನ ಬರೆದರೆ ಸಾಕು.) ಆರು ಜನ ದುಂಡಗೆ ಕೂತಿದ್ದೆವು. ಎರಡು ಫಿಡಲ್, ಒಂದು ಮರದ ಕೊಳಲು, ಒಂದು ಬ್ಯಾಂಜೊ, ಆ ಕನ್ಸರ್ಟಿನಾ. ನನ್ನ ಕೈಯಲ್ಲಿ ಗಿಟಾರ್. ಜೋರಾಗಿಯೇ ಬಾರಿಸುತ್ತಿದ್ದೆ. ಮೂರು ರೀಲ್‌ಗಳ ಒಂದು ಸೆಟ್ ಮುಗಿಯಿತು. ರೀಲ್ ಅಂದರೆ ಇಲ್ಲಿನ ಒಂದು ಬಗೆಯ ಕುಣಿತದ ಮಟ್ಟು. ಆಕೆ ನನ್ನ ಕಡೆ ವಾಲಿ, ಮೆಲ್ಲಗೆ, "ಕೊನೇದು ನಿನ್ನ ಹತ್ರ ಇದೆಯಾ?" ಅಂದರು.

"ಹೂಂ, ಇದೆ" ಅಂದೆ. ಸುಳ್ಳು ಹೇಳುತ್ತಿದ್ದೇನೆ ಅಂತ ಅನಿಸಿರಲಿಲ್ಲ. ಶ್ರುತಿ ಹಿಡಿದಿದ್ದೆ, ತಾಳ ತಪ್ಪಿರಲಿಲ್ಲ, ನಾಲ್ಕು ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗಳ ಗೊಂಚಲು) ಸರಿಯಾಗಿ ಬಿದ್ದಿದ್ದವು ಅಂತ ನನ್ನ ಲೆಕ್ಕ. ಆಕೆ "ಒಳ್ಳೇದು" ಅಂತ ತಲೆ ಆಡಿಸಿ ಚಹಾದ ಕಪ್ಪಿನ ಕಡೆ ತಿರುಗಿದರು. ಪಕ್ಕದಲ್ಲಿದ್ದ ಕೊಳಲಿನವನು ನಗು ತಡೆದುಕೊಂಡು ನನ್ನ ಕಿವಿಯಲ್ಲಿ ಹೇಳಿದ: "ಇದ್ದವರನ್ನ ಆಕೆ ಯಾವತ್ತೂ ಆ ಪ್ರಶ್ನೆ ಕೇಳಲ್ಲ."

ಆ ರಾತ್ರಿ ಲಿಮರಿಕ್‌ಗೆ ಕಾರಿನಲ್ಲಿ ವಾಪಸ್ ಬರುವಾಗ ಸಿಟ್ಟು ಬಂತು. ಎಂಟು ವರ್ಷ ಮೈಸೂರಿನಲ್ಲಿ ಪಿಟೀಲು ಕಲಿತವನು ನಾನು. ವರ್ಣ, ಕೃತಿ, ಒಂದಿಷ್ಟು ಕಲ್ಪನಾಸ್ವರ ಅಂತ ನುಡಿಸಿದವನು. ಇವರದ್ದು ಹದಿನಾರು ಬಾರ್‌ಗಳ ಒಂದು ಕುಣಿತದ ಮಟ್ಟು; ಬಾರ್ ಅಂದರೆ ನಮ್ಮ ಆವರ್ತದ ಥರ. ಅದಕ್ಕೆ ಪಕ್ಕದಲ್ಲಿ ಕೂತು ಗಿಟಾರ್ ಬಾರಿಸಲು ಪರೀಕ್ಷೆ ಬೇರೆ ಕೊಡಬೇಕಾ? ಮನೆಗೆ ಬಂದು ಫೋನಿನಲ್ಲಿ ಮಾಡಿಕೊಂಡಿದ್ದ ರೆಕಾರ್ಡಿಂಗ್ ಹಾಕಿದೆ. ಆ ಕೊನೆಯ ರೀಲ್ ಹಾಡಲು ಹೋದೆ. ಮೊದಲ ಎರಡು ಬಾರ್ ಆಚೆಗೆ ಒಂದು ಸ್ವರವೂ ಬಾಯಿಗೆ ಬರಲಿಲ್ಲ.

ಹತ್ರ ಇರುವುದು, ಬರುವುದು, ಪಾಠ ಆಗುವುದು

ಇಲ್ಲಿನವರು ಒಂದು ಟ್ಯೂನ್ ಗೊತ್ತು ಅನ್ನುವುದು ಕಡಿಮೆ. ಹತ್ರ ಇದೆ ಅನ್ನುತ್ತಾರೆ. ಇಂಗ್ಲಿಷ್ ಮಾತಾಡುವಾಗಲೂ ಹಾಗೇ. ಅದರ ಬೇರು ಐರಿಷ್ ಭಾಷೆಯಲ್ಲಿದೆ. 'ತಾ ಅನ್ ಪೊರ್ಟ್ ಅಗಮ್.' ತಾ ಅಂದರೆ ಇದೆ, ಪೊರ್ಟ್ ಅಂದರೆ ಟ್ಯೂನ್, ಅಗಮ್ ಅಂದರೆ ನನ್ನ ಹತ್ರ. ಇಂಗ್ಲಿಷಿನ 'ಹ್ಯಾವ್' ಥರದ ಕ್ರಿಯಾಪದ ಐರಿಷ್‌ನಲ್ಲೂ ಇಲ್ಲ, ಕನ್ನಡದಲ್ಲೂ ಇಲ್ಲ. ಪೆನ್ನು ನಮ್ಮ ಹತ್ರ ಇರುತ್ತದೆ, ದುಡ್ಡು ನಮ್ಮ ಹತ್ರ ಇರುವುದಿಲ್ಲ. ಅವರಿಗೂ ಅಷ್ಟೇ. ಅವರು ಭಾಷೆಯನ್ನೂ ಹಾಗೇ ಹೇಳುತ್ತಾರೆ, ಐರಿಷ್ ನನ್ನ ಹತ್ರ ಇದೆ ಅಂತ. ನಾವು ಅಲ್ಲಿ ಸ್ವಲ್ಪ ತಿರುಗಿಸಿ 'ನನಗೆ ಕನ್ನಡ ಬರುತ್ತೆ' ಅನ್ನುತ್ತೇವೆ. ಹಾಡೂ ನಮಗೆ 'ಬರುತ್ತೆ'. ತಾನಾಗಿ ನಡೆದುಕೊಂಡು ಬರುವ ಹಾಗೆ.

ನನ್ನ ಪಿಟೀಲು ಮೇಷ್ಟ್ರು ಮಾತ್ರ ಈ ಎರಡನ್ನೂ ಬಳಸುತ್ತಿರಲಿಲ್ಲ. "ಇದು ಪಾಠ ಆಗಿದೆಯೋ?" ಅನ್ನುತ್ತಿದ್ದರು. ಪಾಠ ಆಗುವುದು ಅಂದರೆ ಪುಸ್ತಕ ಮುಚ್ಚಿ, ಅವರ ಎದುರು ಕೂತು, ಮೊದಲಿಂದ ಕೊನೆಯವರೆಗೆ ಹಾಡಬೇಕು. ನುಡಿಸುವುದು ಆಮೇಲೆ. ಇದನ್ನು ಮರೆತಿದ್ದೆ ಅಂತ ಅಲ್ಲ. ಗಿಟಾರಿಗೆ ಅದು ಅನ್ವಯಿಸುವುದಿಲ್ಲ ಅಂದುಕೊಂಡಿದ್ದೆ. ಕಾರ್ಡ್ ಹಿಡಿಯುವವನಿಗೆ ಹಾಡು ಯಾಕೆ, ಅಲ್ವಾ?

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಊರಿನ ಸ್ನೇಹಿತರು ನನ್ನನ್ನು 'ಸೆಲ್ಟಿಕ್ ಮ್ಯೂಸಿಕ್ ಕಲಿಯುತ್ತಿದ್ದಾನೆ' ಅಂತ ಪರಿಚಯ ಮಾಡಿಕೊಡುತ್ತಾರೆ. ಆ ಹೆಸರು ಸ್ಕಾಟ್ಲೆಂಡ್, ಫ್ರಾನ್ಸಿನ ಬ್ರಿಟನಿ, ಸ್ಪೇನಿನ ಗಲೀಷಿಯಾ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬುತ್ತದೆ. ನುಡಿಸುವವರ ಬಾಯಲ್ಲಿ ನಾನು ಅದನ್ನು ಕೇಳಿದ್ದು ಕಡಿಮೆ. ಅವರಿಗೆ ಇದು 'ಟ್ರ್ಯಾಡ್', ಅಂದರೆ 'ಟ್ರೆಡಿಷನಲ್'ನ ಮೊಟಕು. ಹಳಬರಿಗೆ ಬರೀ 'ಮ್ಯೂಸಿಕ್'.

ಮೂರನೇ ತಂತಿಯ ಮೋಸ

ಇಲ್ಲಿಗೆ ಬಂದ ಮೊದಲ ವರ್ಷ ಗಿಟಾರ್ ಅಲ್ಲ, ಫಿಡಲ್ ಹಿಡಿದಿದ್ದೆ. ಅದೇ ಪಿಟೀಲು, ಅದೇ ನಾಲ್ಕು ತಂತಿ, ಅದೇ ಕಮಾನು. ಒಂದು ವಾರದಲ್ಲಿ ಹಿಡಿದುಬಿಡುತ್ತೇನೆ ಅಂತ ಧೈರ್ಯ. ಮೊದಲು ಕೂರುವುದೇ ಕಷ್ಟವಾಯಿತು. ನಾವು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ಪಿಟೀಲಿನ ತಲೆಯನ್ನು ಬಲಗಾಲಿನ ಮೇಲೆ ಊರಿ, ಎರಡು ಕಡೆಯಿಂದ ಭದ್ರ ಮಾಡಿಕೊಂಡು ಕೂರುತ್ತೇವೆ. ಎಡಗೈಗೆ ಹೊರುವ ಕೆಲಸವೇ ಇಲ್ಲ. ಅದಕ್ಕೇ ಅದು ತಂತಿಯ ಉದ್ದಕ್ಕೂ ಜಾರಬಹುದು. ಕುರ್ಚಿಯ ಮೇಲೆ ಕೂತು ಗದ್ದದ ಕೆಳಗೆ ಸಿಕ್ಕಿಸಿಕೊಂಡರೆ ಆ ಜಾರಾಟಕ್ಕೆ ಧೈರ್ಯ ಸಾಲದು. ಇಲ್ಲಿನ ಮಟ್ಟುಗಳಿಗೆ ಅದು ಬೇಕಾಗಿಯೂ ಇಲ್ಲ. ಹೆಚ್ಚಿನವು ಮೊದಲ ಪೊಸಿಷನ್‌ನಲ್ಲೇ ಮುಗಿಯುತ್ತವೆ.

ನಿಜವಾದ ಮೋಸ ಶ್ರುತಿಯಲ್ಲಿ ಇತ್ತು. ನಮ್ಮ ಪಿಟೀಲು ಸ-ಪ-ಸ-ಪ. ಕೆಳಗಿನ ಎರಡು ತಂತಿಯ ಬೆರಳು ವರಸೆ ಮೇಲಿನ ಎರಡಕ್ಕೂ ಹಾಗೇ ಬರುತ್ತದೆ. ಫಿಡಲ್ ಜಿ-ಡಿ-ಎ-ಇ. ಜಿ ಷಡ್ಜ ಅಂದುಕೊಳ್ಳಿ. ಡಿ ಪಂಚಮ, ಸರಿ. ಮೂರನೆಯದು ಮತ್ತೆ ಷಡ್ಜ ಇರಬೇಕಿತ್ತು. ಅಲ್ಲಿ ರಿಷಭ ಬಂದು ಕೂತಿದೆ! ನಾಲ್ಕನೆಯದರಲ್ಲಿ ಧೈವತ. ಸಂಗೀತ ಎರಡನೇ ತಂತಿಯಿಂದ ಮೂರನೆಯದಕ್ಕೆ ಹತ್ತಿದಾಗಲೆಲ್ಲ ನನ್ನ ಬೆರಳು ಬಾಲ್ಯದ ಮನೆಯ ಬಾಗಿಲಿಗೇ ಹೋಗಿ ನಿಲ್ಲುತ್ತಿತ್ತು. ಆರು ತಿಂಗಳು ಬೇಕಾಯಿತು ಅದನ್ನು ಬಿಡಿಸಲು. ಆಮೇಲೆ ಗೊತ್ತಾಯಿತು, ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್ಲೆಂಡ್ ದ್ವೀಪಗಳಲ್ಲಿ ಕೆಲವು ಮಟ್ಟುಗಳಿಗೆ ಫಿಡಲನ್ನು ಎ-ಇ-ಎ-ಇ ಮಾಡಿಕೊಳ್ಳುತ್ತಾರೆ ಅಂತ. ಅಂದರೆ ಸಾಕ್ಷಾತ್ ಸ-ಪ-ಸ-ಪ. ಪಕ್ಕದ ತಂತಿ ಜೊತೆಗೇ ಮೊಳಗಲಿ ಅಂತ ಹಾಗೆ ಮಾಡುತ್ತಾರೆ. ನಾನು ತಪ್ಪು ದೇಶಕ್ಕೆ ಬಂದೆನೇನೋ ಅನಿಸಿತ್ತು.

ಗಮಕದ ಕಥೆ ಇನ್ನೊಂದು. ಇಲ್ಲಿನ ಮಟ್ಟುಗಳು ಹೆಚ್ಚಾಗಿ ನಾಲ್ಕು ಮೇಳಗಳಲ್ಲಿ ಓಡಾಡುತ್ತವೆ. ನಮ್ಮ ಹೆಸರಿನಲ್ಲಿ ಹೇಳಬೇಕೆಂದರೆ ಶಂಕರಾಭರಣ, ಹರಿಕಾಂಭೋಜಿ, ಖರಹರಪ್ರಿಯ, ನಟಭೈರವಿ. ಸ್ವರ ಮಾತ್ರ ಅವು, ರಾಗ ಅಲ್ಲ. ಖರಹರಪ್ರಿಯದ ಸ್ವರ ಕೇಳಿದ ಕೂಡಲೇ ನನ್ನ ಬೆರಳು ಗಾಂಧಾರವನ್ನು ಅಲ್ಲಾಡಿಸಲು ಶುರು ಮಾಡುತ್ತಿತ್ತು. ಕಲಿಸುತ್ತಿದ್ದವರು ಕಣ್ಣು ಮುಚ್ಚಿ ಕೇಳಿ, "ಚೆನ್ನಾಗಿದೆ. ಆದರೆ ಕುಣಿಯುವವರು ಈಗ ಕಾಲನ್ನು ಗಾಳಿಯಲ್ಲೇ ಇಟ್ಟುಕೊಂಡು ಕಾಯುತ್ತಿದ್ದಾರೆ" ಅಂದರು. ಇಲ್ಲಿನ ಅಲಂಕಾರಕ್ಕೆ 'ರೋಲ್' ಅಂತ ಹೆಸರು. ಒಂದು ಸ್ವರ ಹಿಡಿ, ಮೇಲಿನದನ್ನು ರೆಪ್ಪೆ ಮಿಟುಕಿಸುವಷ್ಟು ಮುಟ್ಟು, ವಾಪಸ್ ಬಾ, ಕೆಳಗಿನದನ್ನು ತಟ್ಟು, ವಾಪಸ್ ಬಾ. ಕೇಳುವಾಗ ಐದು ಸ್ವರ ಕೇಳಿಸುವುದಿಲ್ಲ. ಒಂದೇ ಸ್ವರ ಮೂರು ಸಲ ಎಡವಿದ ಹಾಗೆ ಕೇಳುತ್ತದೆ. ಗಮಕ ರಾಗದ ಕೆಲಸ. ರೋಲ್ ತಾಳದ ಕೆಲಸ. ಇದು ತಲೆಗೆ ಒಂದೇ ದಿನಕ್ಕೆ ಹೋಯಿತು, ಕೈಗೆ ಇನ್ನೂ ಪೂರ್ತಿ ಇಳಿದಿಲ್ಲ.

ಹಾಗಾಗಿ ಫಿಡಲ್ ಪಕ್ಕಕ್ಕಿಟ್ಟು ಗಿಟಾರ್ ಹಿಡಿದೆ. ಅದು ಸುಲಭ ಅಂತ. ನಿಜ ಹೇಳಬೇಕೆಂದರೆ ಅದೊಂದೇ ಕಾರಣ.

ಪಕ್ಕದಲ್ಲಿ ಕೂರುವುದು

ಮೈಸೂರಿನಲ್ಲಿ ಪಿಟೀಲು ಕಲಿತವನಿಗೆ ಪಕ್ಕವಾದ್ಯ ಅನ್ನುವುದು ಹೊಸ ವಿಷಯ ಅಲ್ಲ. ನಮ್ಮ ಸಂಗೀತಕ್ಕೆ ಪಿಟೀಲು ಬಂದು ನೆಲೆಯಾದದ್ದೇ ಆ ಕೆಲಸಕ್ಕೆ. ಬಾಲುಸ್ವಾಮಿ ದೀಕ್ಷಿತರು ಮದ್ರಾಸಿನ ಹತ್ತಿರ ಯುರೋಪಿನವರಿಂದ ಕಲಿತು ಅದನ್ನು ನಮ್ಮ ಕಡೆ ತಿರುಗಿಸಿಕೊಂಡರು. ಅವರ ಅಣ್ಣ ಮುತ್ತುಸ್ವಾಮಿ ದೀಕ್ಷಿತರು ಬ್ಯಾಂಡಿನವರ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಹಾಕಿ ನೊಟ್ಟುಸ್ವರ ಮಾಡಿದರು. ಅದರಲ್ಲಿ ಐರ್ಲೆಂಡ್, ಸ್ಕಾಟ್ಲೆಂಡ್ ಕಡೆಯ ಮಟ್ಟುಗಳೂ ಇವೆ. ಚಿಕ್ಕಂದಿನಲ್ಲಿ ಬೇಸಿಗೆ ಶಿಬಿರದಲ್ಲಿ ನಾವು ಬಾಯಿಪಾಠ ಮಾಡಿದ್ದು ಅವೇ. ಚೌಡಯ್ಯನವರು ಹಾಡುಗಾರರ ದನಿಗೆ ಪಿಟೀಲು ಸಾಲುತ್ತಿಲ್ಲ ಅಂತ ಏಳು ತಂತಿ ಕಟ್ಟಿದ ಊರು ನಮ್ಮದು. ಅದೂ ಪಕ್ಕದಲ್ಲಿ ಕೂರುವವನ ಚಿಂತೆಯೇ.

ನಮ್ಮಲ್ಲಿ ಹಾಡುವವರು ಮುಂದೆ ಹೋಗುತ್ತಾರೆ, ಪಕ್ಕವಾದ್ಯದವರು ಅರ್ಧ ಉಸಿರು ಹಿಂದೆ. ವೇದಿಕೆಯ ಮೇಲೆ ಗೊತ್ತಿಲ್ಲದ ಕೃತಿ ಎತ್ತಿಕೊಂಡರೆ ನೆರಳಿನ ಹಾಗೆ ಹಿಂಬಾಲಿಸಬೇಕು. ಹಿಂಬಾಲಿಸಿದರೆ ಶಹಬ್ಬಾಸ್. ಕೈ ಕಟ್ಟಿ ಕೂತರೆ ಅವಮಾನ. ನನ್ನ ಮೈಯಲ್ಲಿ ಇದ್ದದ್ದು ಈ ಸಂಸ್ಕಾರ. ಗೊತ್ತಿಲ್ಲದಿದ್ದರೂ ಬಿಡಬೇಡ, ಹಿಡಿ.

ಇಲ್ಲಿ ಅದು ಪೂರ್ತಿ ತಲೆಕೆಳಗು. ಹೀಗೆ ದುಂಡಗೆ ಕೂತು ನುಡಿಸುವುದಕ್ಕೆ ಸೆಷನ್ ಅನ್ನುತ್ತಾರೆ. ಸೆಷನ್‌ನಲ್ಲಿ ಮುಂದಾಳು ಅಂತ ಒಬ್ಬ ಇಲ್ಲ. ಮಟ್ಟು ಎಲ್ಲರ ಹತ್ರ ಇದೆ. ಎಲ್ಲರೂ ಅದನ್ನೇ ಒಟ್ಟಿಗೆ ನುಡಿಸುತ್ತಾರೆ. ಎಂಟು ಬಾರ್ ಎರಡು ಸಲ, ಇನ್ನೊಂದು ಎಂಟು ಬಾರ್ ಎರಡು ಸಲ. ಹೀಗೆ ಎರಡು ಮೂರು ಸುತ್ತು ಬಂದು, ನಿಲ್ಲಿಸದೆ ಮುಂದಿನ ಮಟ್ಟಿಗೆ ಹಾರುತ್ತಾರೆ. ಹುರುಪಿನ ರೀಲ್ ಆದರೆ ಸೆಕೆಂಡಿಗೆ ಏಳೆಂಟು ಸ್ವರ. ಅರ್ಧ ಉಸಿರು ಹಿಂದೆ ಬರುವವನು ನಾಲ್ಕು ಸ್ವರ ಹಿಂದೆ ಇರುತ್ತಾನೆ. ಅದು ನೆರಳಲ್ಲ, ಗಲಾಟೆ.

ಇದಕ್ಕಿಂತ ವಿಚಿತ್ರ ಇನ್ನೊಂದಿದೆ. ಆ ಗುಂಪಿನಲ್ಲಿ ತನಗೆ ತೋಚಿದ್ದನ್ನು ನುಡಿಸುವ ಸ್ವಾತಂತ್ರ್ಯ ಇರುವುದು ಒಬ್ಬನಿಗೇ. ಗಿಟಾರಿನವನಿಗೆ. ಫಿಡಲಿನವರು ಒಂದು ರೋಲ್ ಆಚೆ ಈಚೆ ಮಾಡಬಹುದು, ಅಷ್ಟೇ. ಕೆಳಗೆ ಯಾವ ಕಾರ್ಡ್ ಬರಬೇಕು ಅಂತ ಎಲ್ಲೂ ಬರೆದಿಲ್ಲ. 1903ರಲ್ಲಿ ಶಿಕಾಗೋದ ಪೊಲೀಸ್ ಮುಖ್ಯಸ್ಥರಾಗಿದ್ದ ಫ್ರಾನ್ಸಿಸ್ ಓನೀಲ್ 1,850 ಮಟ್ಟುಗಳ ಸಂಗ್ರಹ ಪ್ರಕಟಿಸಿದರು. ಇಡೀ ಪರಂಪರೆಗೆ ಅದು ಬೈಬಲ್ ಇದ್ದ ಹಾಗೆ. ಅದರಲ್ಲಿರುವುದು ಮಟ್ಟು ಮಾತ್ರ. ಅಂದರೆ ನಮ್ಮಲ್ಲಿ ಹಾಡುಗಾರರಿಗೆ ಇರುವ ಸ್ವಾತಂತ್ರ್ಯ ಇಲ್ಲಿ ಪಕ್ಕವಾದ್ಯದವನ ಕೈಯಲ್ಲಿದೆ. ನಮ್ಮಲ್ಲಿ ಹಾಡುಗಾರರು ತಪ್ಪಿದರೆ ಅವರ ಕಛೇರಿ ಕೆಡುತ್ತದೆ. ಇಲ್ಲಿ ಗಿಟಾರಿನವನು ತಪ್ಪಿದರೆ ಮಿಕ್ಕ ಐದು ಜನರದ್ದು ಕೆಡುತ್ತದೆ. ಒಂದು ಸೆಷನ್‌ಗೆ ಒಂದು ಗಿಟಾರ್ ಸಾಕು ಅನ್ನುವ ಅಲಿಖಿತ ನಿಯಮ ಇದಕ್ಕೇ. ಎರಡನೆಯವನು ಬಂದರೆ ಇಬ್ಬರೂ ಬೇರೆ ಬೇರೆ ಕಡೆ ಎಳೆಯುತ್ತಾರೆ.

ಅಡುಗೆಮನೆ

ಆ ಪ್ರಶ್ನೆಯಾದ ಮೇಲೆ ಎರಡು ವಾರ ಎನ್ನಿಸ್ ಕಡೆ ಹೋಗಲಿಲ್ಲ. ಮೂರನೇ ವಾರ ಹೋಗಿ ಆಕೆಯ ಎದುರು ಕೂತು, "ಅವತ್ತು ಅದು ನನ್ನ ಹತ್ರ ಇರಲಿಲ್ಲ" ಅಂದೆ. "ಗೊತ್ತು. ಭಾನುವಾರ ಮನೆಗೆ ಬಾ" ಅಂದರು.

ಊರಾಚೆ ಹೊಲದ ನಡುವಿನ ಮನೆ. ಅಡುಗೆಮನೆಯಲ್ಲಿ ಕಬ್ಬಿಣದ ದೊಡ್ಡ ಒಲೆ, ಪಕ್ಕದಲ್ಲಿ ನಾಯಿ. ಕ್ಲೇರ್ ಕಡೆ ಹಿಂದಿನ ಕಾಲದಲ್ಲಿ ಕನ್ಸರ್ಟಿನಾ ಹೆಂಗಸರ ವಾದ್ಯ, ಹೀಗೇ ಅಡುಗೆಮನೆಗಳಲ್ಲಿ ಬೆಳೆದದ್ದು. ತಿದಿ ಒಳಗೆ ಒತ್ತಿದರೆ ಒಂದು ಸ್ವರ, ಅದೇ ಗುಂಡಿಗೆ ಹೊರಗೆ ಎಳೆದರೆ ಬೇರೆ ಸ್ವರ. ಆ ಎಳೆದಾಟದಿಂದಲೇ ಮಟ್ಟಿಗೆ ಒಂದು ಜಗ್ಗು ಬರುತ್ತದೆ. ನಾನು ಗಿಟಾರ್ ಚೀಲ ಬಿಚ್ಚಲು ಹೋದೆ. "ಅದು ಅಲ್ಲೇ ಇರಲಿ" ಅಂದರು. ಆ ರೀಲ್ ನುಡಿಸಿದರು. ಮತ್ತೆ ನುಡಿಸಿದರು. ನಿಧಾನಕ್ಕೆ, ಎಷ್ಟು ಸಲವೋ ಲೆಕ್ಕ ತಪ್ಪಿತು. ಆಮೇಲೆ ವಾದ್ಯ ಮಡಿಲಲ್ಲಿಟ್ಟು ಬಾಯಲ್ಲಿ 'ಡಿಡಲ್ ಡೀ ಡಿಡಲ್ ಡಮ್' ಅಂತ ಹಾಡಿದರು. ಇದಕ್ಕೆ ಲಿಲ್ಟಿಂಗ್ ಅನ್ನುತ್ತಾರೆ. ವಾದ್ಯ ಇಲ್ಲದ ಮನೆಯಲ್ಲಿ ಕುಣಿಯಲು ಇದೇ ಸಾಕಿತ್ತು. "ಈಗ ನೀನು."

ನಾಚಿಕೆಯಾಯಿತು. ನಲವತ್ತರ ಹತ್ತಿರದ ಗಂಡಸು, ಯಾರದೋ ಅಡುಗೆಮನೆಯಲ್ಲಿ ಡಿಡಲ್ ಡೀ ಅನ್ನುವುದು. ನಾಲಿಗೆ ತೊಡರಿತು. "ನಾನು ಸ್ವರದಲ್ಲಿ ಹಾಡಲಾ?" ಅಂತ ಕೇಳಿ ಸರಿಗಮದಲ್ಲಿ ಹಾಡಿದೆ. ಆಕೆಗೆ ಖುಷಿಯೋ ಖುಷಿ. ಎರಡನೇ ಭಾಗದಲ್ಲಿ ಒಂದು ಕಡೆ ನಿಲ್ಲಿಸಿ, "ಅಲ್ಲಿ ಏನಂದೆ?" ಅಂದರು. "ಧಾ." "ಅದೇ. ಅವತ್ತು ಅಲ್ಲಿ ನೀನು ಏನು ಬಾರಿಸಿದೆ ನೋಡು."

ಆಗ ಗಿಟಾರ್ ತೆಗೆದೆ. ರೀಲ್ ಇ ಷಡ್ಜದ್ದು. ಖರಹರಪ್ರಿಯದ ಸ್ವರ. ನಾನು ಅವತ್ತು ಅಲ್ಲಿ ಹಾಕಿದ್ದು ಸಿ ಮೇಜರ್. ಯಾವುದೋ ಗಿಟಾರ್ ಪುಸ್ತಕ ಓದಿದ ಅಭ್ಯಾಸ, ಇ ಮೈನರ್ ಆದ ಮೇಲೆ ಸಿ ಚೆನ್ನಾಗಿ ಕೇಳುತ್ತದೆ ಅಂತ. ಸಿ ಅಂದರೆ ಅಲ್ಲಿ ಶುದ್ಧ ಧೈವತ. ಮಟ್ಟಿನಲ್ಲಿರುವುದು ಅದಕ್ಕಿಂತ ಅರ್ಧ ಮೆಟ್ಟಿಲು ಮೇಲಿನ ಚತುಶ್ರುತಿ ಧೈವತ. ಐದು ಜನ ಖರಹರಪ್ರಿಯ ನುಡಿಸುತ್ತಿದ್ದಾಗ ನಾನೊಬ್ಬ ನಟಭೈರವಿಯ ಧೈವತ ಹಿಡಿದು, ಅದೂ ಜೋರಾಗಿ, ಪ್ರತಿ ಸುತ್ತಿಗೂ ಎರಡೆರಡು ಸಲ ಬಾರಿಸಿದ್ದೆ. ಮೈಸೂರಿನಲ್ಲಿ ಹೀಗೆ ಮಾಡಿದ್ದರೆ ಮೇಷ್ಟ್ರು ಕಮಾನು ಕಸಿದುಕೊಳ್ಳುತ್ತಿದ್ದರು. ಆಕೆ ಬರೀ ಒಂದು ಪ್ರಶ್ನೆ ಕೇಳಿದ್ದರು.

ಚಹಾ ಆದ ಮೇಲೆ ಒಂದು ಹಳೆಯ ರೆಕಾರ್ಡಿಂಗ್ ಹಾಕಿದರು. ಮೈಕಲ್ ಕೋಲ್ಮನ್ ಅವರ ಫಿಡಲ್. ಸ್ಲೈಗೊ ಕಡೆಯವರು, 1914ರಲ್ಲಿ ಅಮೆರಿಕಕ್ಕೆ ಹೋದರು, 1921ರಿಂದ ನ್ಯೂಯಾರ್ಕ್‌ನಲ್ಲಿ ಗ್ರಾಮಫೋನ್ ತಟ್ಟೆಗಳನ್ನು ಮಾಡಿದರು. ಆ ತಟ್ಟೆಗಳು ಹಡಗಿನಲ್ಲಿ ವಾಪಸ್ ಊರಿಗೆ ಬಂದು, ಇಡೀ ಐರ್ಲೆಂಡಿನ ಹುಡುಗರು ಅವರ ಶೈಲಿಯನ್ನೇ ಕಲಿತರು. ಫಿಡಲ್ ಹರಿಯುತ್ತಿದೆ, ಹೊಳೆಯ ಹಾಗೆ. ಹಿಂದೆ ಪಿಯಾನೊ. ಅಯ್ಯೋ, ಆ ಪಿಯಾನೊ! ಆ ಕಾಲದ ಸ್ಟುಡಿಯೋಗಳಲ್ಲಿ ಕೂರಿಸುತ್ತಿದ್ದ ಕೆಲವು ಪಿಯಾನೊದವರಿಗೆ ಈ ಸಂಗೀತದ ಗಂಧವೇ ಇರಲಿಲ್ಲ. ಊಹೆ ಮಾಡಿಕೊಂಡು ಹೊಡೆಯುತ್ತಿದ್ದರು. ಆಕೆ ನಗುತ್ತಾ, "ನೋಡು, ನಿನಗೆ ನೂರು ವರ್ಷದ ಪರಂಪರೆ ಇದೆ" ಅಂದರು. ಇಬ್ಬರೂ ತುಂಬ ಹೊತ್ತು ನಕ್ಕೆವು. ನನಗೆ ಸ್ವಲ್ಪ ಜಾಸ್ತಿಯೇ ಚುಚ್ಚಿತು.

ಆ ಮಾತಿನಲ್ಲಿ ನಿಜ ಇದೆ. ಈ ಸಂಗೀತಕ್ಕೆ ಕಾರ್ಡ್ ಹಾಕುವ ಚಾಳಿ ಹಳೆಯದಲ್ಲ. ಹಳೆಯ ಕಾಲದಲ್ಲಿ ಇದ್ದದ್ದು ಒಂಟಿ ಫಿಡಲ್, ಒಂಟಿ ಪೈಪ್. ಇಲ್ಲನ್ ಪೈಪ್ (ಐರಿಷ್ ಬ್ಯಾಗ್‌ಪೈಪ್) ಒಂದಕ್ಕೆ ಮಾತ್ರ ತನ್ನದೇ ಪಕ್ಕವಾದ್ಯ ಇತ್ತು. ಮೊಣಕೈ ಕೆಳಗೆ ತಿದಿ ಒತ್ತುತ್ತಾ, ಬೆರಳಲ್ಲಿ ಮಟ್ಟು ನುಡಿಸುತ್ತಾ, ಶ್ರುತಿ ಕೊಳವೆಗಳು ಒಂದೇ ಸಮ ಮೊಳಗುತ್ತಿರುವಾಗ, ಮಣಿಕಟ್ಟಿನ ಅಂಚಿನಿಂದ ರೆಗ್ಯುಲೇಟರ್ ಕೀಲಿಗಳನ್ನು ತಟ್ಟಿ ಕಾರ್ಡ್ ಕೊಡಬೇಕು. ಕಲಿಯಲು ಏಳು, ಅಭ್ಯಾಸಕ್ಕೆ ಏಳು, ನುಡಿಸಲು ಏಳು, ಒಟ್ಟು ಇಪ್ಪತ್ತೊಂದು ವರ್ಷ ಅನ್ನುವ ಗಾದೆಯೇ ಇದೆ. ನಾನು ಆ ಕಡೆ ತಲೆ ಹಾಕಿಲ್ಲ. ಬೂಜುಕಿ ಅನ್ನುವ ತಂತಿವಾದ್ಯ ಗ್ರೀಸಿನಿಂದ ಇಲ್ಲಿಗೆ ಬಂದದ್ದು 1960ರ ದಶಕದಲ್ಲಿ. ಪಬ್ಬಿನಲ್ಲಿ ದುಂಡಗೆ ಕೂತು ನುಡಿಸುವ ಸೆಷನ್ ಕೂಡ ಅನಾದಿ ಕಾಲದ್ದಲ್ಲ. ಎರಡನೇ ಮಹಾಯುದ್ಧದ ನಂತರ ಲಂಡನ್‌ಗೆ ಕೂಲಿಗೆ ಹೋದ ಐರಿಷರು, ಬಾಡಿಗೆ ಕೋಣೆಯಲ್ಲಿ ನುಡಿಸಲು ಜಾಗವಿಲ್ಲದೆ ಪಬ್ಬಿಗೆ ಬಂದು ಕೂತಾಗ ಅದು ಬೆಳೆಯಿತು. ಊರು ಬಿಟ್ಟವರ ಅಭ್ಯಾಸ ಅದು. ಅದಕ್ಕೇ ಏನೋ, ನನ್ನಂಥವನಿಗೂ ಒಂದು ಸ್ಟೂಲು ಸಿಗುತ್ತದೆ.

ಗಾಂಧಾರ ಇಲ್ಲದ ಗಿಟಾರ್

ಆ ಭಾನುವಾರ ಹೊರಡುವಾಗ ಕೊಳಲಿನವನು ಹೇಳಿದ್ದು ನೆನಪಾಯಿತು, "ನಿನ್ನ ಶ್ರುತಿ ಬದಲಾಯಿಸು" ಅಂತ. ಡ್ಯಾಡ್‌ಗ್ಯಾಡ್ ಅಂತ ಒಂದು ಶ್ರುತಿ ಇದೆ. ಆರು ತಂತಿ ಡಿ-ಎ-ಡಿ-ಜಿ-ಎ-ಡಿ. 1960ರ ದಶಕದ ಮೊದಲಲ್ಲಿ ಡೇವಿ ಗ್ರಹಾಂ ಅನ್ನುವ ಬ್ರಿಟನ್ನಿನ ಗಿಟಾರಿಗರು ಮೊರಾಕ್ಕೊ ಸುತ್ತಿ ಬಂದು ಇದನ್ನು ಹರಡಿದರು. 1970ರ ದಶಕದಲ್ಲಿ ಬಾತಿ ಬ್ಯಾಂಡಿನ ಮೀಹಾಲ್ ಓ ಡೋನಲ್ ಅದನ್ನು ಐರಿಷ್ ಮಟ್ಟುಗಳ ಕೆಳಗೆ ಕೂರಿಸಿದರು. ನಾನು ತಂತಿ ತಿರುವಿ ಸುಮ್ನೆ ಒಮ್ಮೆ ಮೀಟಿದೆ. ಸ-ಪ-ಸ-ಮ-ಪ-ಸ. ತಂಬೂರಿ! ಒಂದು ಮಧ್ಯಮ ಜಾಸ್ತಿ ಇರುವ ತಂಬೂರಿ.

ಇದರಲ್ಲಿ ಇಲ್ಲದಿರುವುದು ಗಾಂಧಾರ. ನನಗೆ ಅದೇ ದೊಡ್ಡ ವಿಷಯ ಅನಿಸಿತು. ಮೇಜರ್ ಕಾರ್ಡ್ ಹಾಕುವವನು ಅಂತರ ಗಾಂಧಾರ ಅಂತ ತೀರ್ಪು ಕೊಟ್ಟಂತೆ. ಮೈನರ್ ಹಾಕುವವನು ಸಾಧಾರಣ ಗಾಂಧಾರ ಅಂತ. ಆದರೆ ಈ ಮಟ್ಟುಗಳಲ್ಲಿ ಕೆಲವು ಮೊದಲ ಭಾಗದಲ್ಲಿ ಒಂದು, ಎರಡನೇ ಭಾಗದಲ್ಲಿ ಇನ್ನೊಂದು ಸ್ವರ ಹಿಡಿಯುತ್ತವೆ. ಹಳೆಯ ಫಿಡಲಿನವರಲ್ಲಿ ಕೆಲವರು ಎರಡರ ನಡುವೆ ಎಲ್ಲೋ ಬೆರಳಿಡುತ್ತಾರೆ. ಅವರು ಇನ್ನೂ ನಿರ್ಧಾರ ಮಾಡಿಲ್ಲದ ವಿಷಯಕ್ಕೆ ನಾನು ಯಾಕೆ ತೀರ್ಪು ಕೊಡಲಿ? ಡ್ಯಾಡ್‌ಗ್ಯಾಡ್‌ನಲ್ಲಿ ಷಡ್ಜ-ಪಂಚಮ ಹಿಡಿದು ಬಾಯಿ ಮುಚ್ಚಿಕೊಂಡಿರಬಹುದು. ಗಾಂಧಾರವನ್ನು ಫಿಡಲ್ ಹೇಳಲಿ.

ಬಾಯಿ ಮುಚ್ಚಿಕೊಂಡಿರುವುದಕ್ಕೆ ಒಬ್ಬರು ದೊಡ್ಡ ಗುರು ಇದ್ದರು. ಡೆನಿಸ್ ಕಾಹಿಲ್. ಶಿಕಾಗೋದವರು, 2022ರಲ್ಲಿ ತೀರಿಕೊಂಡರು. ಪೂರ್ವ ಕ್ಲೇರ್‌ನ ಫೀಕಲ್ ಕಡೆಯ ಮಾರ್ಟಿನ್ ಹೇಯ್ಸ್ ಅವರ ಫಿಡಲ್‌ಗೆ ಗಿಟಾರ್ ನುಡಿಸುತ್ತಿದ್ದರು. ಅವರ ರೆಕಾರ್ಡಿಂಗ್ ಕೇಳಿ. ಹೇಯ್ಸ್ ನಿಧಾನಕ್ಕೆ ಒಂದು ಮಟ್ಟು ಶುರು ಮಾಡುತ್ತಾರೆ. ಕಾಹಿಲ್ ಒಂದು ಸ್ವರ ಇಡುತ್ತಾರೆ. ಮತ್ತೆ ಎಷ್ಟೋ ಹೊತ್ತು ಏನೂ ಇಲ್ಲ. ಆಮೇಲೆ ಎರಡು ಸ್ವರ. ಮೊದಲ ಸಲ ಕೇಳಿದಾಗ ನನಗೆ, ಇಷ್ಟಕ್ಕೆ ದುಡ್ಡು ಕೊಡುತ್ತಾರಾ ಅನಿಸಿತು. ಇಪ್ಪತ್ತನೇ ಸಲ ಕೇಳುವಾಗ, ಆ ಒಂದು ಸ್ವರ ಎಲ್ಲಿ ಇಡಬೇಕು ಅಂತ ನನಗೆ ಇನ್ನೂ ಗೊತ್ತಿಲ್ಲ ಅನ್ನುವುದು ಗೊತ್ತಾಯಿತು.

ಮೇಕೆ ಚರ್ಮ, ಎರಡು ಯೂರೊ ಪೀಪಿ

ನಡುವೆ ಬೌರಾನ್ ಕೂಡ ಕಲಿಯಲು ಹೋದೆ. ಮೇಕೆ ಚರ್ಮ ಬಿಗಿದ ಬಳೆಯಂಥ ಚರ್ಮವಾದ್ಯ. ನೋಡಲು ನಮ್ಮ ತಮಟೆಯ ಸೋದರಸಂಬಂಧಿ. ಒಂದು ಕೈಯಲ್ಲಿ ಪುಟ್ಟ ಕೋಲು, ಇನ್ನೊಂದು ಕೈ ಒಳಗಿನಿಂದ ಚರ್ಮ ಒತ್ತಿ ನಾದ ಏರಿಳಿಸುತ್ತದೆ. ಇದರ ಮೇಲೆ ಇರುವಷ್ಟು ಜೋಕು ಬೇರೆ ಯಾವ ವಾದ್ಯದ ಮೇಲೂ ಇಲ್ಲ. ಬೌರಾನ್ ಯಾವುದರಲ್ಲಿ ನುಡಿಸಿದರೆ ಚೆಂದ? ಚಾಕುವಿನಲ್ಲಿ. ಕಲಿಸುವವರು ಜಿಗ್ ಅನ್ನುವ ಇನ್ನೊಂದು ಕುಣಿತದ ಮಟ್ಟಿನ ನಡೆ ಹೇಳಿಕೊಡಲು 'ರ್‍ಯಾಷರ್ಸ್ ಅಂಡ್ ಸಾಸೇಜಸ್' ಅನ್ನಿ ಅಂದರು. ನಾನು ಶುದ್ಧ ಸಸ್ಯಾಹಾರಿ, ತಕಿಟ ತಕಿಟ ಅಂದೆ. ರೀಲ್‌ಗೆ ತಕದಿಮಿ. ತರಗತಿಯೇ ಖುಷಿಪಟ್ಟಿತು. ಸ್ಲಿಪ್ ಜಿಗ್ ಬಂದಾಗ ಸಿಕ್ಕಿಬಿದ್ದೆ. ಒಂಬತ್ತು ಮಾತ್ರೆ ಅಂದ ಕೂಡಲೇ ಸಂಕೀರ್ಣ ಅಂದುಕೊಂಡು ನಾಲ್ಕು-ಐದು ಅಂತ ಒಡೆದೆ. ಅವರದ್ದು ಮೂರು-ಮೂರು-ಮೂರು. ಅದೂ ಸಮ ಅಲ್ಲ, ಪ್ರತಿ ಮೂರರಲ್ಲಿ ಮೊದಲನೆಯದು ಒಂಚೂರು ಉದ್ದ. ಅದನ್ನು ಬರೆಯಲು ಆಗುವುದಿಲ್ಲ, ಮೈಗೆ ಹತ್ತಬೇಕು.

ಒಂದು ರಾತ್ರಿ ಧೈರ್ಯ ಮಾಡಿ ಸೆಷನ್‌ನಲ್ಲಿ ಬೌರಾನ್ ಹಿಡಿದೆ. ರೀಲ್ ತಿರುಗುವ ಜಾಗ ಬರುತ್ತಿತ್ತು. ಎರಡು ಬಾರ್ ಅಂದರೆ ಹದಿನಾರು ಮಾತ್ರೆ. ಒಂದು ಬಿಟ್ಟು ತದಿಗಿಣತೊಂ ಮೂರು ಸಲ ಹಾಕಿದೆ, ಸರಿಯಾಗಿ ಸಮಕ್ಕೆ ಬಂದು ಬಿತ್ತು. ನಮ್ಮೂರಾಗಿದ್ದರೆ ಮುಂದಿನ ಸಾಲಿನ ಮಾಮಾಗಳು ತಲೆದೂಗುತ್ತಿದ್ದರು. ಇಲ್ಲಿ ಬ್ಯಾಂಜೊದವನು, ಯಾರೋ ತಟ್ಟೆ ಬೀಳಿಸಿದರು ಅನ್ನುವ ಹಾಗೆ ಹಿಂದೆ ತಿರುಗಿ ನೋಡಿದ. ಮುಕ್ತಾಯ ಬೇಕಾದದ್ದು ಎಲ್ಲೋ ಹೋಗಿ ವಾಪಸ್ ಬರುವ ಸಂಗೀತಕ್ಕೆ. ಇವರು ಎಲ್ಲಿಗೂ ಹೋಗಿರಲಿಲ್ಲ.

ಟಿನ್ ವಿಸಲ್ ಕಥೆ ಚಿಕ್ಕದು. ಅಗ್ಗದ ವಾದ್ಯ, ಆರು ತೂತು. ನನ್ನದನ್ನು ಹಳೆಯ ಸಾಮಾನಿನ ಅಂಗಡಿಯಲ್ಲಿ ಎರಡು ಯೂರೊಗೆ ತಂದೆ. ಜುಲೈಯಲ್ಲಿ ಕ್ಲೇರ್‌ನ ಮಿಲ್ಟೌನ್ ಮಾಲ್ಬೇ ಅನ್ನುವ ಸಣ್ಣ ಊರಿನಲ್ಲಿ ವಿಲ್ಲಿ ಕ್ಲ್ಯಾನ್ಸಿ ಶಿಬಿರ ನಡೆಯುತ್ತದೆ. 1973ರಲ್ಲಿ ಶುರುವಾದದ್ದು, ಅದೇ ವರ್ಷ ತೀರಿಕೊಂಡ ಅಲ್ಲಿನ ಪೈಪ್ ವಾದಕರ ಹೆಸರಿನಲ್ಲಿ. ಅಲ್ಲಿ ವಿಸಲ್ ತರಗತಿಗೆ ಸೇರಿದೆ. ಸುತ್ತ ಎಂಟು ಹತ್ತು ವರ್ಷದ ಮಕ್ಕಳು. ನೊಟೇಷನ್ ಇಲ್ಲ, ಕೇಳಿ ನುಡಿಸಬೇಕು. ಅವರು ಎರಡು ಸಲಕ್ಕೆ ಹಿಡಿದರು, ನಾನು ಹತ್ತು ಸಲಕ್ಕೆ. ಆದರೆ ವಿಸಲ್ ನನಗೆ ಗಿಟಾರ್ ಕಲಿಸಿತು. ಜಿಗ್‌ನಲ್ಲಿ ಉಸಿರಿಗೆ ಜಾಗವೇ ಇರುವುದಿಲ್ಲ. ಉಸಿರು ತೆಗೆದುಕೊಳ್ಳಬೇಕಾದರೆ ಒಂದು ಸ್ವರ ಬಿಡಬೇಕು. ಯಾವುದನ್ನು ಬಿಟ್ಟರೆ ಮಟ್ಟು ಬೀಳುವುದಿಲ್ಲ? ಯಾವುದನ್ನು ಬಿಟ್ಟರೆ ಗೋಡೆಯೇ ಕುಸಿಯುತ್ತದೆ? ಒಂದು ವಾರ ಇದೇ ಹುಡುಕಾಟ. ವಾಪಸ್ ಬಂದು ಗಿಟಾರ್ ಹಿಡಿದಾಗ, ಬಿಡಬಾರದ ಆ ನಾಲ್ಕೈದು ಸ್ವರಗಳ ಕೆಳಗೆ ಮಾತ್ರ ಕೈ ತಾನಾಗಿ ಹೋಗತೊಡಗಿತು.

ಕಳೆದ ವಾರ

ಈಗ ನನ್ನ ಹತ್ರ ಅರವತ್ತು ಚಿಲ್ಲರೆ ಟ್ಯೂನುಗಳಿವೆ. ಪುಸ್ತಕದಲ್ಲಿ ಅಲ್ಲ, ಬಾಯಲ್ಲಿ. ಅಡುಗೆ ಮಾಡುವಾಗ ಹಾಡುತ್ತೇನೆ. ಹೆಂಡತಿ, "ಇದು ಆ ಧೈವತದ್ದಾ?" ಅನ್ನುತ್ತಾಳೆ. ಸೆಷನ್‌ನಲ್ಲಿ ಒಂದು ರಾತ್ರಿಗೆ ಐವತ್ತು ಅರವತ್ತು ಮಟ್ಟು ಬಂದರೆ ನನ್ನ ಹತ್ರ ಇರುವುದು ಹದಿನೈದೋ ಇಪ್ಪತ್ತೋ. ಮಿಕ್ಕ ಹೊತ್ತು ಗಿಟಾರ್ ತೊಡೆಯ ಮೇಲೆ, ಅಂಗೈ ತಂತಿಗಳ ಮೇಲೆ. ಮೊದಮೊದಲು ಮೈ ಪರಚಿಕೊಳ್ಳುವ ಹಾಗಾಗುತ್ತಿತ್ತು. ಕೈ ಕಟ್ಟಿ ಕೂತ ಪಕ್ಕವಾದ್ಯ, ಮೈಸೂರಿನ ಲೆಕ್ಕದಲ್ಲಿ ಮಾನ ಹೋದ ಹಾಗೆ. ಈಗ ಪರವಾಗಿಲ್ಲ. ಅಲ್ಲಿ ಕೂತಷ್ಟು ಹತ್ತಿರದಿಂದ ಬೇರೆಲ್ಲೂ ಕೇಳಲು ಸಿಗುವುದಿಲ್ಲ.

ಕಳೆದ ಬುಧವಾರ ಆಕೆ ಒಂದು ಜಿಗ್ ಶುರು ಮಾಡಿದರು. ಎಲ್ಲೋ ಕೇಳಿದ್ದು ಅನಿಸಿತು. ಅಂಗೈ ತಂತಿಯ ಮೇಲೇ ಇಟ್ಟುಕೊಂಡು ಬಾಯೊಳಗೇ ಸ್ವರ ಹಾಕುತ್ತಿದ್ದೆ. ಮೊದಲ ಭಾಗ ಸಿಗಲಿಲ್ಲ. ಎರಡನೆಯದು ಬಂದ ಕೂಡಲೇ ತುಟಿ ತಾನಾಗಿ ಅಲ್ಲಾಡಿತು. ಆಕೆ ನುಡಿಸುತ್ತಲೇ ನನ್ನ ಕಡೆ ನೋಡಿ ಹುಬ್ಬು ಏರಿಸಿದರು.

"ಇದೆಯಾ?"

"ಅರ್ಧ ಇದೆ."

"ಯಾವ ಅರ್ಧ?"

"ಎರಡನೇದು."

"ಹಾಗಾದ್ರೆ ಅದು ಬಂದಾಗ ಬಾ" ಅಂದು ಮೊದಲ ಭಾಗಕ್ಕೆ ತಿರುಗಿದರು. ನಾನು ಎಂಟು ಬಾರ್ ಎಣಿಸಿದೆ. ಮತ್ತೆ ಎಂಟು.